ಬೆಳ್ಳಿಯ ತೊಡೆ ಮೂಳೆ ಮುರಿದಿದೆ, ಆಪರೇಷನ್‌ಗೆ 85 ಸಾವಿರ ಅಂದಿದ್ದಾರೆ. ದಾರಿ ಯಾವುದಾದರೂ ಇದೆಯಾ?

ತುಮಕೂರು_ಟೈಲರಮ್ಮ · ಭಾನುವಾರ, ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿ ಬರೆಯುತ್ತಿರುವುದು ಇದೇ ಮೊದಲು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮ ಬೆಳ್ಳಿಗೆ ನಿನ್ನೆ ಸಂಜೆ ಬೈಕ್ ಗುದ್ದಿತು. ನಾಟಿ ನಾಯಿ, ಮೂರು ವರ್ಷ, 16 ಕೆ.ಜಿ. ತೂಕ. ಬಲಗಡೆಯ ಹಿಂಗಾಲಿನ ತೊಡೆ ಮೂಳೆ ಮುರಿದಿದೆ. ನಮ್ಮೂರಲ್ಲೇ ಎಕ್ಸ್-ರೇ ತೆಗೆಸಿ, ನೋವಿನ ಇಂಜೆಕ್ಷನ್ ಕೊಡಿಸಿ, ಇವತ್ತು ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆವು. ಪ್ಲೇಟ್ ಹಾಕಿ ಆಪರೇಷನ್ ಮಾಡಬೇಕು, 85,000 ಆಗುತ್ತೆ, ಅರ್ಧ ಮೊದಲೇ ಕಟ್ಟಿ ಅಂದರು. ಏನು ಹೇಳಬೇಕೋ ತಿಳಿಯದೆ ವಾಪಸ್ ಕರೆದುಕೊಂಡು ಬಂದೆವು.

ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಯಜಮಾನರದ್ದು ಗೋಡೌನ್‌ನಲ್ಲಿ ಕೆಲಸ. ಕೈಯಲ್ಲಿ 14,000 ಇದೆ. ಮಗಳ ಫೀಸ್ ದುಡ್ಡು ಬೇರೆ ಇಟ್ಟಿದ್ದೇವೆ, ಅದನ್ನು ಮುಟ್ಟುವುದಿಲ್ಲ.

ಬೆಳ್ಳಿ ದಿನಾ ಮಲಗುವುದು ನನ್ನ ಮೆಷಿನ್ ಕೆಳಗೆ. ಪೆಡಲ್ ಪಕ್ಕ ಮೂಗಿಟ್ಟುಕೊಂಡು. ನಾನು ತುಳಿಯುವಾಗ ಅವಳ ಮೀಸೆ ಪಾದಕ್ಕೆ ತಾಗುತ್ತಿರುತ್ತೆ. ಈಗಲೂ ಅದೇ ಜಾಗದಲ್ಲಿ ಲೈನಿಂಗ್ ಬಟ್ಟೆಯ ಚೂರುಗಳನ್ನು ಹಾಸಿ ಮಲಗಿಸಿದ್ದೇನೆ. ಮೆಷಿನ್ ಸದ್ದಾದರೆ ಏಳಲು ನೋಡುತ್ತಾಳೆ. ಅದಕ್ಕೇ ನಿನ್ನೆಯಿಂದ ಮೆಷಿನ್ ಮುಟ್ಟಿಲ್ಲ.

ಸರ್ಕಾರದ ಕಡೆಯಿಂದಲೋ ಯಾವುದಾದರೂ ಸಂಸ್ಥೆಯಿಂದಲೋ ಸಹಾಯ ಸಿಗುತ್ತಾ? ಪಕ್ಕದ ಮನೆಯವರು ಪುತ್ತೂರು ಕಟ್ಟು ಹಾಕಿಸಿ ಅನ್ನುತ್ತಿದ್ದಾರೆ. ಈ ದಾರಿ ನಡೆದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಹಳ್ಳಿ_ಪಶುವೈದ್ಯೆ · ಭಾನುವಾರ, ರಾತ್ರಿ 11:15

ಅಮ್ಮಾ, ದುಡ್ಡಿನ ಮಾತು ಆಮೇಲೆ. ಮೊದಲು ನಾಲ್ಕು ವಿಷಯ.

ಕಟ್ಟು ಬೇಡ. ಮುಂಗಾಲಿನ ಕೆಳಗಡೆ ಮುರಿದಿದ್ದರೆ ಪಟ್ಟಿಯ ಮಾತು ಬೇರೆ. ತೊಡೆ ಮೂಳೆಗೆ ಹೊರಗಿನಿಂದ ಕಟ್ಟಿದರೆ ಸೊಂಟದ ಕೀಲು ಅಲ್ಲಾಡುವುದು ನಿಲ್ಲುವುದಿಲ್ಲ. ಕಟ್ಟಿನ ಭಾರಕ್ಕೆ ಮುರಿದ ಜಾಗ ಇನ್ನಷ್ಟು ಎಳೆಯುತ್ತದೆ.

ಮನೆಯಲ್ಲಿರುವ ನೋವಿನ ಮಾತ್ರೆ ಕೊಡಬೇಡಿ. ನಾವು ನುಂಗುವ ಐಬುಪ್ರೊಫೆನ್ ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡುತ್ತದೆ, ಕಿಡ್ನಿ ಕೆಡಿಸುತ್ತದೆ. ನಾಯಿಗೆ ಬೇರೆ ಔಷಧ ಇದೆ, ನಿಮ್ಮ ಡಾಕ್ಟರ್ ಬರೆದುಕೊಡುತ್ತಾರೆ. (ಬೆಕ್ಕು ಸಾಕಿದವರು ಇದನ್ನು ಓದುತ್ತಿದ್ದರೆ: ಪ್ಯಾರಾಸಿಟಮಾಲ್ ಒಂದೇ ಮಾತ್ರೆ ಬೆಕ್ಕಿನ ಜೀವ ತೆಗೆಯಬಹುದು.)

ಮೂತ್ರ ಮಾಡುತ್ತಿದ್ದಾಳಾ ಗಮನಿಸಿ. ಗಾಡಿ ಗುದ್ದಿದಾಗ ಮೂತ್ರಚೀಲ ಒಡೆದಿರುವ ಸಾಧ್ಯತೆ ಇರುತ್ತದೆ. ಎದೆಯ ಎಕ್ಸ್-ರೇಯನ್ನೂ ತೆಗೆದಿದ್ದಾರಾ ಕೇಳಿ. ಕಾಲಿಗಿಂತ ಇವೆರಡು ಮುಖ್ಯ. ಒಸಡು ಬಿಳುಚಿಕೊಂಡರೆ, ಏದುಸಿರು ಬಂದರೆ ರಾತ್ರಿಯಾದರೂ ಸರಿ, ಹೊರಡಿ.

ನಾಲ್ಕನೆಯದು ಸಮಯ. ಎದೆ, ಹೊಟ್ಟೆ ಸರಿಯಿದ್ದರೆ ತೊಡೆ ಮೂಳೆಯ ಆಪರೇಷನ್ ಇವತ್ತೇ ಆಗಬೇಕು ಅಂತಿಲ್ಲ. ಮೂರು ನಾಲ್ಕು ದಿನ ತಡೆದುಕೊಳ್ಳಬಹುದು. ಒಂದು ವಾರ ದಾಟಿಸಬೇಡಿ. ಆಮೇಲೆ ಸ್ನಾಯು ಬಿಗಿದು ಮೂಳೆಯ ತುದಿಗಳು ಒಂದರ ಮೇಲೊಂದು ಏರುತ್ತವೆ, ಜೋಡಿಸುವುದು ಕಷ್ಟ. ಅಂದರೆ ದುಡ್ಡು ಹೊಂದಿಸಲು ನಿಮಗೆ ಮೂರು ದಿನ ಇದೆ.

ಈಗ ಬಿಲ್ಲಿನ ಮಾತು. 85 ಸಾವಿರ ಅನ್ನುವುದು ಒಂದೇ ಗಂಟಲ್ಲ. ಅದನ್ನು ಬಿಚ್ಚಿ ತೋರಿಸಿ ಅಂತ ಕೇಳಿ. ಪ್ಲೇಟ್ ಎಷ್ಟು, ಸರ್ಜನ್ ಫೀಸ್ ಎಷ್ಟು, ಅರಿವಳಿಕೆ ಎಷ್ಟು, ವಾರ್ಡ್ ಎಷ್ಟು ದಿನ. ಬರೆದು ಕೊಡಲಿ. "ಇದಕ್ಕಿಂತ ಕಡಿಮೆ ಖರ್ಚಿನ ಬೇರೆ ವಿಧಾನ ನನ್ನ ನಾಯಿಗೆ ಆಗುತ್ತಾ?" ಅಂತ ನೇರವಾಗಿ ಕೇಳಿ. ಮೂಳೆ ಓರೆಯಾಗಿ ಉದ್ದಕ್ಕೆ ಮುರಿದಿದ್ದರೆ ಒಳಗೆ ಪಿನ್ ಹಾಕಿ ಸುತ್ತ ತಂತಿ ಬಿಗಿದರೂ ಎಷ್ಟೋ ಸಲ ಕೂಡುತ್ತದೆ. ಅಡ್ಡಕ್ಕೆ ನೇರವಾಗಿ ಮುರಿದಿದ್ದರೆ ಪಿನ್ ಒಂದೇ ಸಾಲದು, ಮೂಳೆ ಒಳಗೇ ತಿರುಗಿಬಿಡುತ್ತದೆ. ನಾನು ಎಕ್ಸ್-ರೇ ನೋಡಿಲ್ಲ, ಅದನ್ನು ಹೇಳಬೇಕಾದವರು ನಿಮ್ಮ ಸರ್ಜನ್. ಆದರೆ ನೀವು ಕೇಳದಿದ್ದರೆ ಅವರು ತಮಗೆ ಉತ್ತಮ ಅನ್ನಿಸಿದ ಒಂದನ್ನೇ ಹೇಳುತ್ತಾರೆ. ಅದರಲ್ಲಿ ಮೋಸವಿಲ್ಲ, ನಿಮ್ಮ ಕೈಯಲ್ಲಿ ಎಷ್ಟಿದೆ ಅಂತ ಅವರಿಗೆ ಗೊತ್ತಿಲ್ಲ ಅಷ್ಟೇ.

ಹೆಬ್ಬಾಳದ_ದಾರಿ · ಭಾನುವಾರ, ರಾತ್ರಿ 11:52

ಅಕ್ಕ, ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಒಮ್ಮೆ ತೋರಿಸಿ. 1958ರಿಂದ ಇರುವ ಕಾಲೇಜು. ಅಲ್ಲಿ ಸರ್ಜರಿಗೆ ಬೇರೆ ವಿಭಾಗವೇ ಇದೆ. ಹುಡುಗರು ಕಲಿಯುವ ಜಾಗ ಅಂತ ಹೆದರಬೇಡಿ, ಪ್ರೊಫೆಸರ್‌ಗಳು ಪಕ್ಕದಲ್ಲೇ ನಿಂತಿರುತ್ತಾರೆ. ನಮ್ಮ ನಾಯಿಯ ಮುಂಗಾಲು ಅಲ್ಲೇ ಸರಿಹೋಗಿದ್ದು.

ಶುಲ್ಕ ಖಾಸಗಿಗಿಂತ ತುಂಬಾ ಕಡಿಮೆ. ಪ್ಲೇಟು, ಸ್ಕ್ರೂ, ಕೆಲವು ಔಷಧ ನಾವೇ ಹೊರಗಿಂದ ತಂದುಕೊಟ್ಟೆವು. ಆ ದುಡ್ಡು ಕೈಯಲ್ಲಿರಲಿ. ಬೆಳಿಗ್ಗೆ ಬೇಗ ಹೋಗಿ ಚೀಟಿ ಮಾಡಿಸಬೇಕು. ಜನ ಜಾಸ್ತಿ, ಕಾಯಬೇಕಾಗುತ್ತೆ. ಆಪರೇಷನ್‌ಗೆ ಅವತ್ತೇ ದಿನ ಸಿಗುತ್ತೆ ಅಂತ ಹೇಳಲು ಬರುವುದಿಲ್ಲ. ಹಳೇ ಎಕ್ಸ್-ರೇ ಫಿಲ್ಮ್ ಮರೆಯದೆ ಒಯ್ಯಿರಿ, ಇಲ್ಲದಿದ್ದರೆ ಮತ್ತೆ ತೆಗೆಸಬೇಕು.

ಕ್ವೀನ್ಸ್ ರಸ್ತೆಯಲ್ಲಿ ಸರ್ಕಾರದ ದೊಡ್ಡ ಪಶು ಆಸ್ಪತ್ರೆಯೂ ಇದೆ. ಬೇರೆ ಜಿಲ್ಲೆಯವರು ಓದುತ್ತಿದ್ದರೆ: ಬೀದರ್, ಶಿವಮೊಗ್ಗ, ಹಾಸನ, ಗದಗದಲ್ಲೂ ಪಶುವೈದ್ಯಕೀಯ ಕಾಲೇಜುಗಳಿವೆ. ಸುಮ್ನೆ ಬೆಂಗಳೂರಿಗೇ ಓಡಬೇಕಿಲ್ಲ.

ಗುಬ್ಬಿ_ಹುಡುಗ · ಸೋಮವಾರ, ಬೆಳಿಗ್ಗೆ 6:30

1962ಕ್ಕೆ ಫೋನ್ ಮಾಡಿದರೆ ಆಂಬ್ಯುಲೆನ್ಸ್ ಬರುತ್ತಲ್ಲ, ಅದು ಆಗಲ್ವಾ?

ಹಳ್ಳಿ_ಪಶುವೈದ್ಯೆ · ಸೋಮವಾರ, ಬೆಳಿಗ್ಗೆ 7:05

ಅದು ಸಂಚಾರಿ ಪಶು ಚಿಕಿತ್ಸಾ ವಾಹನ. ಮುಖ್ಯವಾಗಿ ರೈತರ ದನ, ಎಮ್ಮೆ, ಕುರಿಗಳಿಗೆ ಮನೆ ಬಾಗಿಲಲ್ಲಿ ಚಿಕಿತ್ಸೆ ಕೊಡಲು ಇರುವುದು. ಮೂಳೆ ಆಪರೇಷನ್ ಅದರಲ್ಲಿ ಆಗುವುದಿಲ್ಲ.

ಶೆಲ್ಟರ್_ಅಕ್ಕ · ಸೋಮವಾರ, ಬೆಳಿಗ್ಗೆ 8:20

ನಾನು ಹತ್ತು ವರ್ಷದಿಂದ ಒಂದು ಶೆಲ್ಟರ್‌ನಲ್ಲಿ ವಾಲಂಟಿಯರ್. ಒಳಗಿನ ಮಾತು ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಸಾಕಿದ ನಾಯಿಯ ಆಪರೇಷನ್‌ಗೆ ಕೈಗೆ ಕಾಸು ಕೊಡುವ ಸಂಸ್ಥೆ ನಮ್ಮಲ್ಲಿ ಅಪರೂಪ. ಬೆಂಗಳೂರಿನ ಕ್ಯೂಪಾ 1991ರಿಂದ ಕೆಲಸ ಮಾಡುತ್ತಿದೆ. ಅಂಥ ದೊಡ್ಡ ಸಂಸ್ಥೆಗಳಿಗೂ ಬೀದಿಯಲ್ಲಿ ಬಿದ್ದ, ಯಾರೂ ಇಲ್ಲದ ಪ್ರಾಣಿಗಳದ್ದೇ ದೊಡ್ಡ ಹೊರೆ. ಕೇಂದ್ರದ ಪ್ರಾಣಿ ಕಲ್ಯಾಣ ಮಂಡಳಿ ಕೊಡುವ ಅನುದಾನ ಕೂಡ ಮಾನ್ಯತೆ ಪಡೆದ ಸಂಸ್ಥೆಗಳಿಗೆ, ಮನೆಯವರಿಗಲ್ಲ. ಅಲ್ಲಿಗೆ ಅರ್ಜಿ ಹಾಕುತ್ತಾ ನಿಮ್ಮ ಮೂರು ದಿನ ಕಳೆಯಬೇಡಿ.

ಆದರೆ ಸಂಸ್ಥೆಗಳ ಹತ್ತಿರ ಬೇರೆ ಸಹಾಯ ಕೇಳಬಹುದು. ದುಡ್ಡು ಬೇಡ, "ಕಡಿಮೆ ದರಕ್ಕೆ ಮೂಳೆ ಆಪರೇಷನ್ ಮಾಡುವ ಡಾಕ್ಟರ್ ಯಾರು?" ಅಂತ ಕೇಳಿ. ನಮಗೆ ಆ ಪಟ್ಟಿ ಬಾಯಿಪಾಠ ಇರುತ್ತದೆ. ಬೆಂಗಳೂರಿಗೆ ಹೋಗಲು ಗಾಡಿ ಸಿಗಬಹುದು. ಉಳಿದ ಔಷಧ, ಗಾಯ ನೆಕ್ಕದಂತೆ ಕುತ್ತಿಗೆಗೆ ಹಾಕುವ ಕೋನ್, ಪಂಜರ ಎರವಲು ಸಿಗಬಹುದು. ಇವೆಲ್ಲ ಸೇರಿದರೆ ಐದಾರು ಸಾವಿರ ಉಳಿಯುತ್ತೆ.

ಇನ್ನೊಂದು ಮಾತು. "ಬೀದಿ ನಾಯಿ ಅಂತ ಹೇಳಿಬಿಡಿ, ಫ್ರೀ ಆಗುತ್ತೆ" ಅಂತ ಯಾರಾದರೂ ಸಲಹೆ ಕೊಟ್ಟೇ ಕೊಡುತ್ತಾರೆ. ಬೇಡ. ಅವಳನ್ನು ಬಿಟ್ಟು ಹೋಗಬೇಕಾಗುತ್ತೆ. ಬೇರೆಯವರ ಪಂಜರದಲ್ಲಿ, ಬೇರೆ ವಾಸನೆಯಲ್ಲಿ, ನೋವಿನಲ್ಲಿ. ಶೆಲ್ಟರ್ ಗೇಟಿಗೆ ಕಟ್ಟಿಹೋದ ನಾಯಿಗಳು ಎರಡು ಮೂರು ದಿನ ಗೇಟಿನ ಕಡೆಗೇ ಮುಖ ಮಾಡಿ ಮಲಗುತ್ತವೆ. ಊಟದ ತಟ್ಟೆಯನ್ನು ಆ ಕಡೆಗೆ ಸರಿಸಿದರೆ ಮಾತ್ರ ತಿನ್ನುತ್ತವೆ. ನಾನು ಕಣ್ಣಾರೆ ನೋಡಿದ್ದೇನೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಸಾಕಿದ್ದನ್ನು ಹಾಗೆ ಬಿಟ್ಟುಹೋಗುವುದು ಅಪರಾಧವೂ ಹೌದು.

ನೇರ_ಮಾತು · ಸೋಮವಾರ, ಬೆಳಿಗ್ಗೆ 9:10

ಕೋಪ ಮಾಡಿಕೊಳ್ಳಬೇಡಿ ಮೇಡಂ. ಮಗಳು ಓದುತ್ತಿರುವ ಮನೆ. ಒಂದು ನಾಟಿ ನಾಯಿಗೆ 85 ಸಾವಿರ ಸಾಲ ಮಾಡಬೇಕಾ? ನಮ್ಮ ಹಳ್ಳಿಯಲ್ಲಿ ಕಾಲು ಮುರಿದ ನಾಯಿ ತಾನಾಗೇ ಕುಂಟುತ್ತಾ ಸರಿಹೋಗುತ್ತೆ.

ತುಮಕೂರು_ಟೈಲರಮ್ಮ · ಸೋಮವಾರ, ಬೆಳಿಗ್ಗೆ 9:48

ಕೋಪ ಇಲ್ಲ ಸರ್. ಯಜಮಾನರೂ ಮೊದಲ ದಿನ ಇದನ್ನೇ ಅಂದರು. 85 ಸಾವಿರ ಸಾಲ ಮಾಡುವ ಶಕ್ತಿ ನಮಗಿಲ್ಲ, ಮಾಡುವುದೂ ಇಲ್ಲ. ಆದರೆ ನಿನ್ನೆ ರಾತ್ರಿ ಎರಡು ಗಂಟೆಗೆ ಮೂತ್ರಕ್ಕೆ ಅಂತ ಎತ್ತಿಕೊಂಡು ಹೋಗಿ ಅಂಗಳದಲ್ಲಿ ನಿಲ್ಲಿಸಿದೆ. ನಡುಗುತ್ತಾ ಮೂರು ಕಾಲಲ್ಲಿ ನಿಂತು, ಮುಗಿಸಿ, ನನ್ನ ಕೈ ನೆಕ್ಕಿದಳು. ಎರಡು ವರ್ಷದ ಹಿಂದೆ ನನಗೆ ಟೈಫಾಯ್ಡ್ ಬಂದು ಮಲಗಿದ್ದಾಗ ಹದಿನೈದು ದಿನ ಮಂಚದ ಕೆಳಗಿಂದ ಕದಲದ ಜೀವ ಇದು. ಏನೂ ಕೇಳದೆ, ಏನೂ ಪ್ರಯತ್ನ ಮಾಡದೆ ಬಿಟ್ಟುಬಿಡಲು ಆಗುತ್ತಿಲ್ಲ.

ಡಾಕ್ಟರಮ್ಮ, ಮೂತ್ರ ಸರಿಯಾಗಿ ಮಾಡುತ್ತಿದ್ದಾಳೆ. ಎದೆಯ ಎಕ್ಸ್-ರೇ ನಿನ್ನೆಯೇ ತೆಗೆದಿದ್ದಾರೆ, ಸರಿಯಿದೆಯಂತೆ.

ಹಳ್ಳಿ_ಪಶುವೈದ್ಯೆ · ಸೋಮವಾರ, ಬೆಳಿಗ್ಗೆ 10:02

ಒಳ್ಳೆಯ ಸುದ್ದಿ. ನೇರ_ಮಾತು ಅವರೇ, ಕೆಲವು ನಾಯಿಗಳು ಕುಂಟುತ್ತಾ ಬದುಕುತ್ತವೆ ನಿಜ. ಆದರೆ ಮೂಳೆ ವಕ್ರವಾಗಿ ಕೂಡುವವರೆಗಿನ ಆ ಆರೆಂಟು ವಾರದ ನೋವು ನಮ್ಮ ಕಣ್ಣಿಗೆ ಬೀಳುವುದಿಲ್ಲ. ಕೂಡದೇ ಉಳಿದವು, ಒಳಗೇ ಕೀವಾದವು ಎಷ್ಟೋ. ಅವು ಮೂಲೆಯಲ್ಲಿ ಹೋಗಿ ಮಲಗುತ್ತವೆ, ಆಮೇಲೆ ಕಾಣಿಸುವುದಿಲ್ಲ.

ಮೂರುಕಾಲಿನ_ರಾಜ · ಸೋಮವಾರ, ಮಧ್ಯಾಹ್ನ 12:30

ಇನ್ನೊಂದು ದಾರಿಯೂ ಇದೆ, ಕೇಳಲು ಕಷ್ಟವಾದರೂ ಹೇಳುತ್ತೇನೆ. ನಮ್ಮ ರಾಜನಿಗೆ ಲಾರಿ ತಾಗಿ ಹಿಂಗಾಲು ಪುಡಿಯಾಗಿತ್ತು. ಜೋಡಿಸಲು ಒಂದು ಲಕ್ಷದ ಹತ್ತಿರ ಅಂದರು, ಅದೂ ಗ್ಯಾರಂಟಿ ಇಲ್ಲ. ಕಾಲನ್ನೇ ತೆಗೆಸಿದೆವು. ಖರ್ಚು ಅದರ ಕಾಲು ಭಾಗವೂ ಆಗಲಿಲ್ಲ. ನಮ್ಮಮ್ಮ ಮೂರು ದಿನ ಊಟ ಬಿಟ್ಟಿದ್ದರು. ರಾಜ ಮಾತ್ರ ನಾಲ್ಕನೇ ದಿನ ಎದ್ದು ಗೇಟಿನ ತನಕ ಓಡಿದ. ಈಗ ಐದು ವರ್ಷವಾಯಿತು. ಹಾಲಿನವನ ಸೈಕಲ್ ಹಿಂದೆ ಮೊದಲಿನ ಹಾಗೇ ಓಡುತ್ತಾನೆ.

ಬೆಳ್ಳಿಗೆ ಅದು ಬೇಡವಾಗಲಿ. ಆದರೆ ಯಾವ ದಾರಿಯೂ ಹೊಂದದಿದ್ದರೆ ಇದೂ ಒಂದಿದೆ ಅಂತ ತಲೆಯಲ್ಲಿರಲಿ.

ಲೆಕ್ಕದ_ಶೆಟ್ರು · ಸೋಮವಾರ, ಮಧ್ಯಾಹ್ನ 1:15

ನಾನು ತೆರಿಗೆ ಲೆಕ್ಕ ಬರೆಯುವವನು. ಜನರ ಹತ್ತಿರ ಹಣ ಕೂಡಿಸುವ ಯೋಚನೆ ಇದ್ದರೆ ಇಷ್ಟು ನೆನಪಿಡಿ.

ಮಿಲಾಪ್, ಕೆಟ್ಟೊ ಮುಂತಾದ ತಾಣಗಳಲ್ಲಿ ಪ್ರಾಣಿಗಳ ಚಿಕಿತ್ಸೆಗೂ ಮನವಿ ಹಾಕಬಹುದು. ಆಸ್ಪತ್ರೆಯ ಲೆಟರ್‌ಹೆಡ್‌ನಲ್ಲಿ ಎಸ್ಟಿಮೇಟ್ ಬೇಕು. ನಿಮಗೆ ಬೇಕಾದ ಮೊತ್ತ ಸಣ್ಣದು, ಸಮಯ ಕಡಿಮೆ. ಹಾಗಾಗಿ ಗೊತ್ತಿರುವವರ ವಾಟ್ಸಾಪ್ ಗುಂಪೇ ಬೇಗ ಕೆಲಸ ಮಾಡುತ್ತೆ ಅನ್ನುವುದು ನನ್ನ ಅನುಭವ.

ಹಣವನ್ನು ನಿಮ್ಮ ಖಾತೆಗೆ ತರಿಸಬೇಡಿ. ಆಸ್ಪತ್ರೆಯ ಕ್ಯೂಆರ್ ಕೋಡ್ ಅಥವಾ ಖಾತೆ ನಂಬರ್ ಕೊಡಿ. ನಾಯಿಯ ಹೆಸರು ಬರೆದು ನೇರವಾಗಿ ಅಲ್ಲಿಗೇ ಹಾಕಲಿ. ಎರಡು ಲಾಭ. ಒಂದು, ಕೊಡುವವರಿಗೆ ಅನುಮಾನ ಇರುವುದಿಲ್ಲ. ಎರಡು, ಸಂಬಂಧಿಕರಲ್ಲದವರಿಂದ ಒಂದು ಆರ್ಥಿಕ ವರ್ಷದಲ್ಲಿ ಬಂದ ಉಡುಗೊರೆ ಹಣ 50,000 ದಾಟಿದರೆ ಅಷ್ಟೂ ನಿಮ್ಮ ಆದಾಯಕ್ಕೆ ಸೇರುತ್ತದೆ. ಆ ತಲೆನೋವು ನಿಮಗೆ ಬೇಡ.

ಕೊಡುವವರು ದಾನಕ್ಕೆ ತೆರಿಗೆ ವಿನಾಯಿತಿಯ ರಸೀದಿ (80ಜಿ ಅನ್ನುತ್ತಾರೆ) ಕೇಳಬಹುದು. ನೋಂದಾಯಿತ ಸಂಸ್ಥೆಗೆ ಕೊಟ್ಟರೆ ಮಾತ್ರ ಅದು ಸಿಗುವುದು, ನಿಮ್ಮ ನಾಯಿಯ ಬಿಲ್ ಕಟ್ಟಿದರೆ ಸಿಗುವುದಿಲ್ಲ. ಮೊದಲೇ ಹೇಳಿಬಿಡಿ.

ಸಾಲದ ಆ್ಯಪ್ ಕಡೆ ತಲೆ ಹಾಕಲೇಬೇಡಿ. ಐದು ನಿಮಿಷದಲ್ಲಿ ಹಣ ಹಾಕುತ್ತಾರೆ, ವಾರ ಕಳೆದ ಮೇಲೆ ನಿಮ್ಮ ಫೋನಿನಲ್ಲಿರುವ ಎಲ್ಲರಿಗೂ ಕರೆ ಹೋಗುತ್ತೆ. ರಿಸರ್ವ್ ಬ್ಯಾಂಕ್ 2022ರಲ್ಲೇ ನಿಯಮ ಮಾಡಿದೆ: ಸಾಲ ಕೊಡುವ ಮೊದಲು ಒಟ್ಟು ಬಡ್ಡಿ, ಶುಲ್ಕ ಎಲ್ಲ ಇರುವ ಹಾಳೆ ಕೊಡಲೇಬೇಕು. ಆ ಹಾಳೆ ಕೊಡದವರ ಹತ್ತಿರ ಹೋಗಬೇಡಿ. ಯಾರಾದರೂ ಈಗಾಗಲೇ ಸಿಕ್ಕಿಹಾಕಿಕೊಂಡಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಸಾಲವೇ ಬೇಕಿದ್ದರೆ ನಿಮ್ಮ ಸ್ವಸಹಾಯ ಸಂಘ, ಇಲ್ಲವೇ ಬ್ಯಾಂಕಿನಲ್ಲಿ ಒಡವೆ ಇಟ್ಟು ತೆಗೆಯುವ ಸಾಲ. ಎರಡರಲ್ಲೂ ಬಡ್ಡಿ ಎಷ್ಟು ಅಂತ ಮೊದಲೇ ಗೊತ್ತಿರುತ್ತೆ.

ಗುಬ್ಬಿ_ಹುಡುಗ · ಸೋಮವಾರ, ಮಧ್ಯಾಹ್ನ 1:40

ಆ ಬೈಕಿನವನ ಹತ್ತಿರ ವಸೂಲಿ ಮಾಡಬಹುದಲ್ವಾ?

ಲೆಕ್ಕದ_ಶೆಟ್ರು · ಸೋಮವಾರ, ಮಧ್ಯಾಹ್ನ 2:00

ಅವನು ಒಳ್ಳೆಯ ಮನಸ್ಸಿನಿಂದ ಕೊಟ್ಟರೆ ತೆಗೆದುಕೊಳ್ಳಿ. ಕೇಸ್ ಹಾಕಿ ಆಪರೇಷನ್ ದುಡ್ಡು ಬರಲಿ ಅಂತ ಕಾಯಬೇಡಿ. ಪ್ರಾಣಿಗೆ ಬೇಕಂತಲೇ ಗಾಯ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ ಇದೆ. ಆದರೆ ಆಕಸ್ಮಿಕವಾಗಿ ಗುದ್ದಿದ್ದಕ್ಕೆ ಅದು ನಿಲ್ಲುವುದು ಕಷ್ಟ. 2022ರಲ್ಲಿ ನಮ್ಮ ಹೈಕೋರ್ಟ್ ನಾಯಿಯ ಅಪಘಾತದ ಇಂಥದ್ದೇ ಒಂದು ಕೇಸನ್ನು ರದ್ದು ಮಾಡಿತ್ತು.

ಧಾರವಾಡದ_ಮಾವ · ಸೋಮವಾರ, ಸಂಜೆ 5:25

ತಂಗಿ, ನಿಮ್ಮ ಬೆಳ್ಳಿಗೆ ಮೂರು ವರ್ಷ. ಹರೆಯ ಇದೆ, ಮೂಳೆ ಲಗೂನೆ ಕೂಡುತ್ತದೆ. ಧೈರ್ಯವಾಗಿ ಮಾಡಿಸಿರಿ.

ನನ್ನದೂ ಒಂದು ಮಾತು ಹೇಳಬೇಕು ಅನ್ನಿಸಿತು. ನಮ್ಮ ಮೋತಿಗೆ ಹದಿಮೂರು ವರ್ಷವಾದಾಗ ಹೊಟ್ಟೆಯಲ್ಲಿ ಗಡ್ಡೆ ಬೆಳೆದಿತ್ತು. ಆಪರೇಷನ್‌ಗೆ ದುಡ್ಡು ಕೊಡುತ್ತೇನೆ ಅಂತ ಮಗ ಪುಣೆಯಿಂದ ಫೋನ್ ಮಾಡಿದ. ದುಡ್ಡು ಇತ್ತರೀ. ಆದರೆ ಡಾಕ್ಟರಿಗೆ ನಾನು ಒಂದೇ ಪ್ರಶ್ನೆ ಕೇಳಿದೆ: "ಇದು ನಿಮ್ಮ ನಾಯಿ ಆಗಿದ್ದರೆ ಏನು ಮಾಡುತ್ತಿದ್ದಿರಿ?" ಅವರು ಬಹಳ ಹೊತ್ತು ಸುಮ್ಮನಿದ್ದು, "ಮನೆಗೆ ಕರೆದುಕೊಂಡು ಹೋಗುತ್ತಿದ್ದೆ" ಅಂದರು. ಮನೆಗೆ ಕರೆದುಕೊಂಡು ಬಂದೆ. ಹನ್ನೊಂದು ದಿನ ನನ್ನ ಹಾಸಿಗೆ ಪಕ್ಕದಲ್ಲೇ ಇದ್ದ. ನೋವು ತಡೆಯದಾದಾಗ ಡಾಕ್ಟರೇ ಮನೆಗೆ ಬಂದು ಇಂಜೆಕ್ಷನ್ ಕೊಟ್ಟರು. ತಲೆ ನನ್ನ ತೊಡೆಯ ಮೇಲಿತ್ತು.

ಆಪರೇಷನ್ ಮಾಡಿಸಲಿಲ್ಲ ಅಂತ ಅಂದುಕೊಂಡು ಕೊರಗುತ್ತಿರುವವರು ಯಾರಾದರೂ ಇದನ್ನು ಓದುತ್ತಿದ್ದರೆ, ಆ ಪ್ರಶ್ನೆ ನೀವೂ ಕೇಳಿರಿ.

ಬೆಕ್ಕಿನ_ಮನೆ · ಸೋಮವಾರ, ಸಂಜೆ 6:50

ಮಾವ, ನಿಮ್ಮ ಮಾತು ಓದಿ ಕಣ್ಣು ತುಂಬಿತು.

ವಿಷಯಕ್ಕೆ ಸಂಬಂಧಪಟ್ಟ ಒಂದು ಎಚ್ಚರಿಕೆ. ಎಲ್ಲ ಆಪರೇಷನ್‌ಗೂ ಮೂರು ದಿನದ ಸಮಯ ಇರುವುದಿಲ್ಲ. ಮಕ್ಕಳಾಗದ ಆಪರೇಷನ್ ಮಾಡಿಸದ ನಮ್ಮ ಹಳೇ ನಾಯಿ, ಬೆದೆ ಮುಗಿದು ಒಂದು ತಿಂಗಳಿಗೆ ಬಕೆಟ್‌ಗಟ್ಟಲೆ ನೀರು ಕುಡಿಯಲು ಶುರುಮಾಡಿತು. ಬಿಸಿಲಿಗೆ ಅಂದುಕೊಂಡೆವು. ಗರ್ಭಕೋಶದಲ್ಲಿ ಕೀವು ತುಂಬಿತ್ತು. ಪಯೋಮೆಟ್ರಾ ಅನ್ನುತ್ತಾರೆ. ದುಡ್ಡು ಹೊಂದಿಸಲು ಎರಡು ದಿನ ಕಾದೆವು. ಆ ಎರಡು ದಿನ ಈಗಲೂ ನನ್ನನ್ನು ಬಿಟ್ಟಿಲ್ಲ. ಅಂಥದ್ದಕ್ಕೆ ಮೊದಲು ಆಸ್ಪತ್ರೆ, ಬಾಗಿಲಲ್ಲಿ ನಿಂತೇ ಫೋನ್ ಮಾಡಿ ದುಡ್ಡು ಕೇಳಬೇಕು.

ಈಗಿನ ಎರಡೂ ಹೆಣ್ಣು ಬೆಕ್ಕುಗಳಿಗೆ ಆರು ತಿಂಗಳಿಗೇ ಆಪರೇಷನ್ ಮಾಡಿಸಿದ್ದೇನೆ. ತಿಂಗಳಿಗೆ 500 ರೂಪಾಯಿ ಪೋಸ್ಟ್ ಆಫೀಸ್ ಆರ್.ಡಿ. ಕಟ್ಟುತ್ತೇನೆ, ಅವುಗಳಿಗೆ ಅಂತಲೇ.

ನ್ಯೂಜೆರ್ಸಿ_ಕಾವೇರಿ · ಸೋಮವಾರ, ರಾತ್ರಿ 8:15

ಅಕ್ಕ, ಆಸ್ಪತ್ರೆಯ ಕ್ಯೂಆರ್ ಹಾಕಿ. ಇಲ್ಲಿಂದ ನೇರವಾಗಿ ಆಗದಿದ್ದರೆ ಮೈಸೂರಲ್ಲಿರುವ ತಮ್ಮನ ಕೈಯಲ್ಲಿ ಹಾಕಿಸುತ್ತೇನೆ.

ಅಮೆರಿಕದಲ್ಲೂ ಇದೇ ಪಾಡು, ಮೊತ್ತ ಮಾತ್ರ ದೊಡ್ಡದು. ಇಲ್ಲಿರುವ ನಮ್ಮವರಿಗೆ ಒಂದು ಮಾತು: ಆಸ್ಪತ್ರೆಯಲ್ಲಿ ಕೇರ್‌ಕ್ರೆಡಿಟ್ ಕಾರ್ಡ್ ಕೊಡುತ್ತಾರೆ. ಆರು ತಿಂಗಳು, ಹನ್ನೆರಡು ತಿಂಗಳು ಬಡ್ಡಿ ಇಲ್ಲ ಅನ್ನುತ್ತಾರೆ. ಆ ಅವಧಿಯೊಳಗೆ ಪೂರ್ತಿ ತೀರಿಸದೆ ಸ್ವಲ್ಪ ಉಳಿದರೂ ಮೊದಲ ದಿನದಿಂದ ಲೆಕ್ಕ ಹಾಕಿದ ಬಡ್ಡಿ ಮೇಲೆ ಬೀಳುತ್ತದೆ. ನಾನು ಕಲಿತದ್ದು ಕೈ ಸುಟ್ಟುಕೊಂಡ ಮೇಲೆ. ಇಂಗ್ಲೆಂಡಿನಲ್ಲಿ ಅಕ್ಕನ ಮಗಳಿದ್ದಾಳೆ. ಅಲ್ಲಿ ಸರ್ಕಾರದ ನೆರವಿನ ಮೇಲೆ ಬದುಕುವವರ ಪ್ರಾಣಿಗಳಿಗೆ ಪಿಡಿಎಸ್‌ಎ ಅನ್ನುವ ಸಂಸ್ಥೆ 1917ರಿಂದ ಉಚಿತವಾಗಿ ಇಲ್ಲವೇ ಕಡಿಮೆ ಖರ್ಚಿನಲ್ಲಿ ಚಿಕಿತ್ಸೆ ಕೊಡುತ್ತಿದೆ. ನಮ್ಮ ಊರುಗಳಲ್ಲೂ ಅಂಥದ್ದೊಂದು ಆಗಬೇಕು ಅಂತ ಮನಸ್ಸು ಬಯಸುತ್ತೆ.

ಪರೇಲ್_ಕನ್ನಡಿಗ · ಸೋಮವಾರ, ರಾತ್ರಿ 9:05

ಮುಂಬೈಯಲ್ಲಿರುವ ಕನ್ನಡಿಗರು ಪರೇಲ್‌ನ ಬಾಯಿ ಸಕರ್‌ಬಾಯಿ ದಿನ್‌ಶಾ ಪೆಟಿಟ್ ಆಸ್ಪತ್ರೆಗೆ ಹೋಗಿ. ಹತ್ತೊಂಬತ್ತನೇ ಶತಮಾನದಲ್ಲಿ ದಾನದಿಂದ ಕಟ್ಟಿದ್ದು, ಇವತ್ತಿಗೂ ಬಡವರ ನಾಯಿ, ಗಾಡಿ ಎಳೆಯುವ ಎತ್ತು ಎಲ್ಲವನ್ನೂ ನೋಡುತ್ತಾರೆ.

ಮತ್ತೆ, ವಿಮೆ. ನಾಯಿಗೂ ವಿಮೆ ಇದೆ, ಒಂದೆರಡು ಸಾಮಾನ್ಯ ವಿಮಾ ಕಂಪನಿಗಳು ಕೊಡುತ್ತವೆ. ಆದರೆ ಆಗಿಹೋದ ಗಾಯಕ್ಕೆ, ಮೊದಲೇ ಇದ್ದ ಕಾಯಿಲೆಗೆ ಕೊಡುವುದಿಲ್ಲ. ಬೆಳ್ಳಿಗೆ ಈಗ ಪ್ರಯೋಜನವಿಲ್ಲ, ಚಿಕ್ಕ ಮರಿ ಇರುವವರು ವಿಚಾರಿಸಿ.

ತುಮಕೂರು_ಟೈಲರಮ್ಮ · ಮಂಗಳವಾರ, ರಾತ್ರಿ 9:30

ಎಲ್ಲರಿಗೂ ಕೈಮುಗಿದೆ. ಇವತ್ತು ನಡೆದದ್ದನ್ನು ಬರೆಯುತ್ತೇನೆ, ಸ್ವಲ್ಪ ಉದ್ದ ಇದೆ.

ಬೆಳಿಗ್ಗೆ ಕಾಲೇಜಿನ ಆಸ್ಪತ್ರೆಗೆ ಹೋಗಲು ಹೊರಟಿದ್ದೆವು. ಹೊರಡುವ ಮುಂಚೆ ಡಾಕ್ಟರಮ್ಮ ಹೇಳಿದ ಹಾಗೆ ಖಾಸಗಿ ಆಸ್ಪತ್ರೆಯ ಸರ್ಜನ್‌ಗೆ ಒಂದು ಫೋನ್ ಮಾಡಿದೆ. ಕೈ ನಡುಗುತ್ತಿತ್ತು. ಹೇಳಬೇಕಾದದ್ದನ್ನು ಅಳತೆ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದಿಟ್ಟುಕೊಂಡಿದ್ದೆ. "ಸರ್, ನನ್ನ ಹತ್ತಿರ 14 ಸಾವಿರ ಇದೆ. ಇನ್ನೊಂದು 25, 30 ಹೊಂದಿಸಬಹುದು. ಅಷ್ಟರಲ್ಲಿ ಬೆಳ್ಳಿಗೆ ಏನಾದರೂ ಮಾಡಲು ಆಗುತ್ತಾ? ಆಗದಿದ್ದರೆ ಆಗಲ್ಲ ಅನ್ನಿ, ನಾನು ಹೆಬ್ಬಾಳಕ್ಕೆ ಹೋಗುತ್ತೇನೆ."

ಅವರು ಬೈಯಲಿಲ್ಲ. "ಮೊನ್ನೆಯೇ ಹೇಳಬಾರದಿತ್ತೇನಮ್ಮಾ" ಅಂದರು. ಎಕ್ಸ್-ರೇ ಮತ್ತೆ ತೆಗೆದು ನೋಡಿದರು. ಮೂಳೆ ಓರೆಯಾಗಿ ಉದ್ದಕ್ಕೆ ಸೀಳಿದೆಯಂತೆ. ಪಿನ್ ಮತ್ತು ತಂತಿಯಲ್ಲಿ ಆಗುತ್ತೆ ಅಂದರು. ಪ್ಲೇಟ್ ಆದರೆ ಬೇಗ ಕಾಲೂರುತ್ತಾಳೆ, ಪಿನ್ ಆದರೆ ಆರು ವಾರ ಓಡಾಡದಂತೆ ನೀವು ಕಾಯಬೇಕು, ಆ ಕೆಲಸ ನಿಮ್ಮದು ಅಂದರು. ಒಪ್ಪಿಕೊಂಡೆ.

ಎಸ್ಟಿಮೇಟ್ ಬಿಚ್ಚಿ ಬರೆದುಕೊಟ್ಟರು. ಮೊದಲು ಪ್ಲೇಟು ಸ್ಕ್ರೂಗೆ 25,000 ಇತ್ತು, ಈಗ ಪಿನ್ನು ತಂತಿಗೆ 6,000. ಸರ್ಜನ್ ಫೀಸ್ 25 ಇದ್ದದ್ದು 18. ಅರಿವಳಿಕೆ ಮತ್ತು ಥಿಯೇಟರ್ 15 ಇದ್ದದ್ದು 12. ರಕ್ತ ಪರೀಕ್ಷೆ, ಎಕ್ಸ್-ರೇ ಸೇರಿ 4, ಔಷಧ 6. ನಾಲ್ಕು ದಿನದ ವಾರ್ಡ್ 10,000 ಪೂರ್ತಿ ತೆಗೆದರು. ಸಂಜೆಯೇ ಮನೆಗೆ ಕರೆದುಕೊಂಡು ಹೋಗಿ, ಇಂಜೆಕ್ಷನ್ ನಿಮ್ಮೂರಲ್ಲೇ ಹಾಕಿಸಿ ಅಂದರು. ಒಟ್ಟು 46,000. ದರ ಇಳಿಸಿದರೂ ಅರಿವಳಿಕೆಯ ಗುಣಮಟ್ಟದಲ್ಲಿ ಏನೂ ಕಡಿಮೆ ಮಾಡಲ್ಲ, ಅದರಲ್ಲಿ ರಾಜಿ ಇಲ್ಲ ಅಂತ ಅವರೇ ಹೇಳಿದರು. ಆ ಮಾತು ಕೇಳಿ ನನಗೆ ನಂಬಿಕೆ ಬಂತು.

ದುಡ್ಡು: ನಮ್ಮದು 14,000. ಸಂಘದಲ್ಲಿ 15,000 ಕೊಟ್ಟರು. ನಾಯಿಗೆ ಅಂತ ಹೇಳಲು ನಾಚಿಕೆಯಾಗಿ ಮನೆ ಖರ್ಚಿಗೆ ಅಂದಿದ್ದೆ, ಅಧ್ಯಕ್ಷೆಗೆ ಮೊದಲೇ ಗೊತ್ತಿತ್ತು. "ಬೆಳ್ಳಿ ಹೇಗಿದಾಳೆ?" ಅಂತಲೇ ಬಾಗಿಲಲ್ಲಿ ಕೇಳಿದರು. ವರಮಹಾಲಕ್ಷ್ಮಿ ಹಬ್ಬಕ್ಕೆ ಬ್ಲೌಸ್ ಕೊಟ್ಟಿದ್ದ ಗಿರಾಕಿಗಳಿಗೆ ಹೊಲಿಗೆ ದುಡ್ಡು ಮುಂಗಡ ಕೊಡುತ್ತೀರಾ ಅಂತ ಮೆಸೇಜ್ ಮಾಡಿದೆ. ಹದಿಮೂರು ಜನ ಸೇರಿ 6,500 ಹಾಕಿದರು. ಇಲ್ಲಿನವರು, ನಮ್ಮ ಬೀದಿಯವರು ಆಸ್ಪತ್ರೆಯ ಕ್ಯೂಆರ್‌ಗೆ ಹಾಕಿದ್ದು 6,500. ಉಳಿದ 4,000 ಹೊಲಿಗೆ ಬಿಚ್ಚುವ ದಿನ ಕೊಡಿ ಅಂದಿದ್ದಾರೆ.

ನಾಳೆ ಹನ್ನೊಂದು ಗಂಟೆಗೆ ಆಪರೇಷನ್. ರಾತ್ರಿ ಊಟ ಕೊಡಬೇಡಿ ಅಂದಿದ್ದಾರೆ. ತಟ್ಟೆ ನೋಡುತ್ತಾ ಕೂತಿದ್ದಾಳೆ, ನಾವೂ ಅವಳ ಮುಂದೆ ಊಟ ಮಾಡಲಿಲ್ಲ.

ಹಳ್ಳಿ_ಪಶುವೈದ್ಯೆ · ಮಂಗಳವಾರ, ರಾತ್ರಿ 9:55

ತುಂಬಾ ಸಂತೋಷ. ಮೂಳೆ ಕೂಡಿದ ಮೇಲೆ ಪಿನ್ ತೆಗೆಯಬೇಕಾ, ಅದರ ಖರ್ಚೆಷ್ಟು ಅಂತ ನಾಳೆಯೇ ಕೇಳಿ. ಆ ದುಡ್ಡು ಈಗಿನಿಂದಲೇ ಎತ್ತಿಡಬಹುದು. ಆರು ವಾರ ಕಟ್ಟುನಿಟ್ಟು. ಮೂತ್ರಕ್ಕೆ ಹಗ್ಗ ಹಿಡಿದೇ ಕರೆದುಕೊಂಡು ಹೋಗಿ. ನೆಲ ಜಾರಿದರೆ ಗೋಣಿತಾಟು ಹಾಸಿ. ಮೆಟ್ಟಿಲು ಬೇಡವೇ ಬೇಡ.

ನೇರ_ಮಾತು · ಬುಧವಾರ, ಬೆಳಿಗ್ಗೆ 7:20

ಮೇಡಂ, ಆ ಉಳಿದ 4,000ದಲ್ಲಿ 1,000 ನಾನು ಆಸ್ಪತ್ರೆಗೆ ಹಾಕಿದ್ದೇನೆ. ಆಪರೇಷನ್ ಚೆನ್ನಾಗಿ ಆಗಲಿ.

ತುಮಕೂರು_ಟೈಲರಮ್ಮ · ಬುಧವಾರ, ರಾತ್ರಿ 11:10

ಆಯಿತು. ಮನೆಗೆ ಬಂದಿದ್ದಾಳೆ. ಇನ್ನೂ ಮಂಪರಿದೆ. ಮೆಷಿನ್ ಕೆಳಗೆ ಮಲಗಿದ್ದಾಳೆ. ನೇರ_ಮಾತು ಸರ್, ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ತುಮಕೂರು_ಟೈಲರಮ್ಮ · ಹನ್ನೆರಡು ದಿನದ ಮೇಲೆ

ಇವತ್ತು ಹೊಲಿಗೆ ಬಿಚ್ಚಿದರು. ಬಾಕಿ 3,000 ಕಟ್ಟಿ ರಸೀದಿ ತೆಗೆದುಕೊಂಡೆ. ದುಡ್ಡು ಹಾಕಿದವರೆಲ್ಲರಿಗೂ ಅದರ ಫೋಟೊ ಕಳಿಸಿದ್ದೇನೆ. ಗಾಯ ಒಣಗಿದೆ. ನಿಲ್ಲುವಾಗ ಆ ಕಾಲಿನ ಉಗುರನ್ನು ನೆಲಕ್ಕೆ ತಾಗಿಸುತ್ತಾಳೆ, ಭಾರ ಇನ್ನೂ ಹಾಕುತ್ತಿಲ್ಲ. ಆರು ವಾರಕ್ಕೆ ಎಕ್ಸ್-ರೇ. ಪಿನ್ ತೆಗೆಯಲು 7,000 ಆಗಬಹುದಂತೆ. ಬೆಕ್ಕಿನ_ಮನೆ ಅಕ್ಕ ಹೇಳಿದ ಹಾಗೆ ಪೋಸ್ಟ್ ಆಫೀಸಿನಲ್ಲಿ ಆರ್.ಡಿ. ಶುರುಮಾಡಿದ್ದೇನೆ, ಪಾಸ್‌ಬುಕ್ ಮೇಲೆ ಮಗಳು ಪೆನ್ಸಿಲ್‌ನಲ್ಲಿ "ಬೆಳ್ಳಿ" ಅಂತ ಬರೆದಿದ್ದಾಳೆ. ಪಿನ್ ತೆಗೆಸುವುದಕ್ಕೆ ಮಾತ್ರ ಹಬ್ಬದ ಹೊಲಿಗೆ ದುಡ್ಡಿನಲ್ಲಿ ಎತ್ತಿಡುತ್ತೇನೆ.

ಮೆಷಿನ್ ಮತ್ತೆ ತುಳಿಯುತ್ತಿದ್ದೇನೆ. ಈಗ ಸದ್ದಿಗೆ ಏಳುವುದಿಲ್ಲ, ನಿದ್ದೆ ಮಾಡುತ್ತಾಳೆ.

ಕೋನ್ ಇನ್ನು ಬೇಡ ಅಂದರು. ಯಾರಿಗಾದರೂ ಬೇಕಾ?

ಗುಬ್ಬಿ_ಹುಡುಗ · ಅದೇ ದಿನ, ಸಂಜೆ 7:45

ಅಕ್ಕ, ನಮ್ಮ ಚಿನ್ನಿಗೆ ಮುಂದಿನ ವಾರ ಮಕ್ಕಳಾಗದ ಆಪರೇಷನ್ ಮಾಡಿಸುತ್ತಿದ್ದೇವೆ. ಬೆಳ್ಳಿಯಷ್ಟೇ ಇದಾಳೆ. ಸೈಜ್ ಎಷ್ಟು?

ತುಮಕೂರು_ಟೈಲರಮ್ಮ · ಅದೇ ದಿನ, ಸಂಜೆ 8:00

ಕುತ್ತಿಗೆ ಹದಿನಾಲ್ಕು ಇಂಚು. ಪ್ಲಾಸ್ಟಿಕ್ ಅಂಚು ಉಜ್ಜುತ್ತಿತ್ತು ಅಂತ ಸುತ್ತ ಲೈನಿಂಗ್ ಬಟ್ಟೆ ಹೊಲಿದಿದ್ದೇನೆ. ತೊಳೆದಿಡುತ್ತೇನೆ ತಮ್ಮಾ, ತುಮಕೂರಿಗೆ ಬಂದಾಗ ತೆಗೆದುಕೊಂಡು ಹೋಗು. ಚಿನ್ನಿಯ ಕುತ್ತಿಗೆ ಅಳತೆ ಕಳಿಸು, ಬೇಕಾದರೆ ಒಂದು ಇಂಚು ಒಳಗೆ ಹಿಡಿದು ಹೊಲಿಯುತ್ತೇನೆ.